ಒಟ್ಟಾರೆ ಏನು?

ನಮ್ಮ ಭಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಎರಡು ಮಾತಿನಲ್ಲಿ ಉತ್ತರ ಕೊಟ್ಟರು. ಅದರ ದೆಸೆಯಿಂದ ನಮ್ಮಕ್ಕನ ಹೊಟ್ಟೆ ಕೊಯ್ಯುವುದೊಂದು ಬಾಕಿ ಉಳಿದಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಗಾದೆ ಕಟ್ಟಿದ ಮಹಾನುಭಾವರು ನಮ್ಮ ಮನೆಗೆ ಬಂದು ಹೋದವರಲ್ಲ. ನಮ್ಮ ಮನೆ ಕೆಡಲು ಹೊರಟದ್ದು ಮಾತು ಕಡಿಮೆಯಾದದ್ದರಿಂದ.

ಭಾವ ಸ್ಕ್ಯಾನಿಂಗ್ ಡಾಕ್ಟರು. ಮೂರು ಮಹಡಿಯ ಖಾಸಗಿ ಆಸ್ಪತ್ರೆಯೊಂದರ ಕೆಳಮಹಡಿಯಲ್ಲಿ, ಕಿಟಕಿಯೇ ಇಲ್ಲದ ಒಂದು ತಣ್ಣನೆಯ ಕತ್ತಲೆ ಕೋಣೆ ಅವರದು. ಒಂದು ಮಂಚ, ಒಂದು ಯಂತ್ರ, ಗಾಲಿಯ ಸ್ಟೂಲು, ಹೊಟ್ಟೆಗೆ ಹಚ್ಚುವ ಜೆಲ್ಲಿಯ ಬಾಟಲಿ, ಅದನ್ನು ಒರೆಸಿಕೊಳ್ಳಲು ಕಾಗದದ ಸುರುಳಿ. ಅದರ ಹೊರಗೆ, ಬೆಳಕಿರುವ ಕಡೆ, ಗಾಜಿನ ಕಿಂಡಿಯ ಹಿಂದೆ ನಾನು ಕೂರುತ್ತೇನೆ. ಬಂದವರಿಗೆ ಟೋಕನ್ ಕೊಡುವುದು, "ನೀರು ಕುಡೀರಿ, ಬಾತ್‌ರೂಮಿಗೆ ಹೋಗ್ಬೇಡಿ" ಎಂದು ಹೇಳುವುದು, ಹೋಗಿಬಿಟ್ಟು ಬಂದವರಿಗೆ ಮತ್ತೆ ನೀರು ಕುಡಿಸುವುದು, ಕೊನೆಗೆ ಭಾವ ಬರೆದ ವರದಿಯನ್ನು ಪ್ರಿಂಟ್ ತೆಗೆದು ಪಿನ್ ಹೊಡೆದು ಕೊಡುವುದು ನನ್ನ ಕೆಲಸ. ಪಿನ್ ಹೊಡೆಯುವುದು ಎಂದು ಹಗುರವಾಗಿ ಹೇಳಿದೆ. ಭಾವನ ವರದಿಗೆ ಮಾಮೂಲಿ ಸ್ಟೇಪ್ಲರ್ ಸಾಲುತ್ತಿರಲಿಲ್ಲ. ಲೆಕ್ಕಪತ್ರದವರ ಕೋಣೆಯಿಂದ ದೊಡ್ಡದನ್ನು ಎರವಲು ತಂದು, ಎದ್ದು ನಿಂತು, ಎರಡು ಕೈಯಲ್ಲಿ ಒತ್ತಬೇಕಿತ್ತು.

ಆಸ್ಪತ್ರೆಯಲ್ಲಿ ಅವರಿಗೆ ಉದ್ದದ ಡಾಕ್ಟರು ಎಂದೇ ಹೆಸರು. ಹೆಸರು ಕೇಳಿ ಎತ್ತರದ ಆಳು ಇರಬೇಕೆಂದು ಬಂದವರು, ಗಿಡ್ಡಗೆ ದುಂಡಗೆ ನಿಂತ ಭಾವನನ್ನೇ ಪಕ್ಕಕ್ಕೆ ಸರಿಸಿ ಒಳಗೆ ಇಣುಕಿ ನೋಡುತ್ತಿದ್ದರು.

ಮನುಷ್ಯ ಕೆಟ್ಟವರಲ್ಲ. ಕಣ್ಣಿಗೆ ಬಿದ್ದದ್ದನ್ನು ಹೇಳದೆ ಬಿಟ್ಟರೆ ಆ ವಸ್ತುವಿಗೆ ಅನ್ಯಾಯವಾಯಿತು ಎನ್ನುವುದು ಅವರ ಸ್ವಭಾವ. ಮನೆಯಲ್ಲೂ ಅಷ್ಟೇ. ಒಂದು ದಿನ ನಾನು ಅವರ ಮನೆಗೆ ಹೋಗಿ ಬೆಲ್ ಒತ್ತಿದೆ. ಭಾವ ಬಾಗಿಲು ತೆರೆದರು. ಒಳಗಿಂದ ಅಕ್ಕ, "ಯಾರ್ರೀ ಅದು?" ಎಂದು ಕೂಗಿದಳು. ಭಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಶುರು ಮಾಡಿದರು.

"ಬಾಗಿಲ ಹೊರಗೆ ಒಬ್ಬ ಗಂಡಸು ನಿಂತಿದಾನೆ. ಮಧ್ಯವಯಸ್ಸು. ಬಲಗೈಯಲ್ಲಿ ಒಂದು ಚೀಲ ಇದೆ. ಎಡಗೈ ಖಾಲಿ. ಚಪ್ಪಲಿ ಎರಡೂ ಕಾಲಲ್ಲೂ ಕಾಣ್ತಾ ಇವೆ. ಅಂಗಿಯ ಮೇಲಿಂದ ಎರಡನೇ ಗುಂಡಿ ಕಾಣ್ತಿಲ್ಲ. ಅವನ ಹಿಂದೆ ರಸ್ತೆ ಮಾಮೂಲಾಗಿದೆ."

"ಒಟ್ಟಾರೆ ಯಾರು?"

"ನಿನ್ನ ತಮ್ಮ ಇದ್ದ ಹಾಗಿದೆ. ಬೇಕಿದ್ರೆ ನೀನೂ ಒಂದ್ಸಲ ಬಂದು ನೋಡಿ ಖಚಿತ ಮಾಡ್ಕೋಬಹುದು."

ನಾನು ಹೊಸಿಲಾಚೆ ಚೀಲ ಹಿಡಿದು ನಿಂತೇ ಇದ್ದೆ. ನನ್ನ ಸ್ವಂತ ಭಾವ ನನ್ನ ಮುಖಕ್ಕೆ "ಇದ್ದ ಹಾಗಿದೆ" ಎಂದದ್ದಕ್ಕೆ ಮೈಯೆಲ್ಲ ಉರಿದುಹೋಯಿತು. ಆದರೆ ಅಕ್ಕನಿಗೆ ಇದು ಅಭ್ಯಾಸವಾಗಿತ್ತು. ಸ್ಕ್ಯಾನಿಂಗ್ ವರದಿಯ ತುದಿಯಲ್ಲಿ "ಒಟ್ಟಾರೆ ಅಭಿಪ್ರಾಯ" ಎಂದು ಒಂದು ಭಾಗ ಇರುತ್ತದೆ. ಮೇಲೆ ಎಷ್ಟೇ ಬರೆದಿರಲಿ, ತಿರುಳು ಅಲ್ಲಿರುತ್ತದೆ. ಮದುವೆಯಾದ ಹೊಸತರಲ್ಲೇ ಅಕ್ಕ ಇದನ್ನು ಕಂಡುಕೊಂಡು, ಸಂಸಾರವನ್ನೆಲ್ಲ ಆ ಒಂದು ಮಾತಿನ ಮೇಲೆ ನಡೆಸಿಕೊಂಡು ಬಂದಿದ್ದಳು. ಊಟಕ್ಕೆ ಉಪ್ಪು ಸರಿಯಿದೆಯಾ ಎಂದು ಕೇಳಿದರೆ ಭಾವ ತಟ್ಟೆಯ ನಾಲ್ಕು ಮೂಲೆಯ ಸಮಾಚಾರ ಹೇಳುತ್ತಿದ್ದರು. ಅಕ್ಕ ಅಷ್ಟರಲ್ಲಿ ಪಾತ್ರೆ ತೊಳೆದು ಬಂದು, "ಒಟ್ಟಾರೆ?" ಎನ್ನುತ್ತಿದ್ದಳು. "ಸ್ವಲ್ಪ ಕಡಿಮೆ," ಎನ್ನುತ್ತಿದ್ದರು ಭಾವ. ಅವರಪ್ಪ ತೀರಿಕೊಂಡ ದಿನವೂ ಫೋನಿನಲ್ಲಿ ಹಾಸಿಗೆ, ಹೊದಿಕೆ, ಅರ್ಧ ತೆರೆದ ಕಿಟಕಿ, ಮುಚ್ಚಳ ಹಾಕದ ನೀರಿನ ಲೋಟ ಎಲ್ಲವನ್ನೂ ಹೇಳುತ್ತ ಹೋದರಂತೆ. ಅಕ್ಕ ಮೆತ್ತಗೆ "ಒಟ್ಟಾರೆ ಏನೂಂದ್ರೆ?" ಎಂದು ಕೇಳಿದ ಮೇಲೆಯೇ ಅವರಿಗೆ ಅಳು ಬಂದದ್ದು.

ಮನೆಯದು ಹೀಗಾದರೆ ಆಸ್ಪತ್ರೆಯಲ್ಲಿ ಇನ್ನೊಂದು ರಾಮಾಯಣ. ಭಾವನ ವರದಿ ಓದುವವರು ಮುಖ್ಯವಾಗಿ ಇಬ್ಬರು. ಒಬ್ಬರು ಮೇಲಿನ ಮಹಡಿಯ ಸರ್ಜನ್. ಅವರನ್ನು ನಾವೆಲ್ಲ ಕೊಯ್ಯೋ ಡಾಕ್ಟ್ರು ಎನ್ನುತ್ತೇವೆ. ಇನ್ನೊಬ್ಬರು ನಡುಮಹಡಿಯ ಮಾತ್ರೆ ಡಾಕ್ಟ್ರು. ಕೊಯ್ಯೋ ಡಾಕ್ಟರಿಗೆ ಒಂದೇ ಸಾಲು ಸಾಕು. ವರದಿ ಕೈಗೆ ಸಿಕ್ಕಿದ ಕೂಡಲೆ ಹಿಂದಿನಿಂದ ತೆರೆಯುತ್ತಾರೆ. ಹಿಂದಿನಿಂದ ತೆರೆದರೂ ಅದರಲ್ಲಿ "ಇರಬಹುದು", "ಇಲ್ಲದೆಯೂ ಇರಬಹುದು", "ಮತ್ತೊಮ್ಮೆ ನೋಡುವುದು ಒಳ್ಳೆಯದು" ಎಂದು ಇರುತ್ತಿತ್ತು.

"ನಾನು ಕೊಯ್ಯೋನು ಕಣಯ್ಯ, ಓದೋನಲ್ಲ," ಎಂದು ಅವರು ನನ್ನ ಕಿಂಡಿಯ ಮುಂದೆ ನಿಂತು ಭಾವನ ಕೋಣೆಗೆ ಕೇಳುವ ಹಾಗೆ ಕೂಗುತ್ತಿದ್ದರು. "ಕೊಯ್ಯಲಾ ಬೇಡ್ವಾ, ಕಡ್ಡಿ ಮುರಿದ ಹಾಗೆ ಹೇಳು. ಪಿತ್ತಕೋಶದಲ್ಲಿ ಕಲ್ಲಿದೆ ಅನ್ನೋಕೆ ಮುಂಚೆ ಪಿತ್ತಕೋಶದ ಗೋಡೆ, ಗೋಡೆಯ ಅಕ್ಕಪಕ್ಕ, ಪಕ್ಕದ ಮನೆಯವರು... ಏನಿದು? ನಾನೇನು ಅಲ್ಲಿ ಬಾಡಿಗೆಗೆ ಹೋಗ್ಬೇಕಾ?"

ಅವರು ಹೋದ ಬೆನ್ನಿಗೆ ಮಾತ್ರೆ ಡಾಕ್ಟರ ಫೋನು ಬರುತ್ತಿತ್ತು. ಅವರದು ತಣ್ಣನೆಯ ದನಿ. "ಗುಲ್ಮದ ವಿಷಯ ಬರೆದಿಲ್ಲವಲ್ಲ?" ಗುಲ್ಮ ಎಂದರೆ ಹೊಟ್ಟೆಯ ಎಡಮೂಲೆಯಲ್ಲಿ, ಯಾರ ತಂಟೆಗೂ ಹೋಗದೆ ತೆಪ್ಪಗೆ ಕೂತಿರುವ ಒಂದು ಅಂಗ. "ಬರೆದಿದಾರೆ ಸಾರ್, ಸರಿಯಾಗಿದೆ ಅಂತ," ಎಂದು ನಾನು ಹೇಳಿದರೆ, "ಎಷ್ಟು ಸರಿಯಾಗಿದೆ?" ಎಂದು ಕೇಳುತ್ತಿದ್ದರು. "ಏನೇನು ಇಲ್ಲ ಅಂತ ಒಂದೊಂದಾಗಿ ಬರೀದಿದ್ರೆ, ಅದು ಇಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಭಾವನಿಗೆ ಈ ಪ್ರಶ್ನೆ ಬಹಳ ಹಿಡಿಸಿತ್ತು. ಇಲ್ಲದ್ದನ್ನೂ ಬರೆಯತೊಡಗಿದರು. ಇರುವುದಕ್ಕೆ ಒಂದು ಮಿತಿ ಇದೆ, ಇಲ್ಲದ್ದಕ್ಕೆ ಕೊನೆಯೆಲ್ಲಿ? ವರದಿ ಬೆಳೆಯಿತು.

ಅತ್ತ ದರಿ, ಇತ್ತ ಪುಲಿ ಎಂದುಕೊಂಡಿದ್ದ ನಮಗೆ ಮೂರನೆಯದಾಗಿ ರೋಗಿಗಳು ಸೇರಿಕೊಂಡರು. ಹೊರಗಿನ ಬೆಂಚಿನ ಮೇಲೆ ಕೂತು ವರದಿಗಳನ್ನು ಅಂಗೈಯಲ್ಲಿ ತೂಗಿ ನೋಡುವುದು ಶುರುವಾಯಿತು. ಒಂದೇ ಮನೆಗೆ ಸೇರಿದ ಇಬ್ಬರು ಓರಗಿತ್ತಿಯರು ಒಂದೇ ದಿನ ಬಂದರು. ದೊಡ್ಡವಳ ವರದಿ ದಪ್ಪ, ಚಿಕ್ಕವಳದು ತೆಳ್ಳಗೆ. "ಆ ಮನೇಲಿ ಯಾವುದರಲ್ಲೂ ನನಗೆ ಕಡಿಮೆನೇ," ಎಂದು ಚಿಕ್ಕವಳು ನನ್ನ ಕಿಂಡಿಗೆ ಹಣೆ ಆನಿಸಿ ಅತ್ತಳು. ಅವಳಿಗೆ ಏನೂ ಕಾಯಿಲೆ ಇಲ್ಲ ಎಂದು ತಿಳಿಹೇಳಲು ಹೋದೆ. "ಅವಳಿಗೇನು ಇದೆಯಂತೆ?" ಎಂದಳು. ಅವಳಿಗೂ ಇಲ್ಲ ಎಂದೆ. "ಹಾಗಿದ್ರೆ ಅಷ್ಟು ದಪ್ಪ ಯಾಕೆ?" ಭಾವ ಒಳಗಿನಿಂದ ಇದನ್ನು ಕೇಳಿಸಿಕೊಂಡು, ಮನನೊಂದು, ಚಿಕ್ಕವಳ ವರದಿಗೆ ಇನ್ನೆರಡು ಹಾಳೆ ಸೇರಿಸಿ ಕೊಟ್ಟರು. ಕಣ್ಣೊರೆಸಿಕೊಂಡು ಹೋದಳು.

ಇನ್ನೊಬ್ಬ ಲಾರಿ ಡ್ರೈವರ್, ಕಟ್ಟುಮಸ್ತಾದ ಆಳು, ತಾನು ಹುಟ್ಟಿದಂದಿನಿಂದ ಒಂದೇ ಕಿಡ್ನಿಯವನೆಂದು ಭಾವನ ವರದಿಯಿಂದ ತಿಳಿದುಕೊಂಡ. ಬಂದದ್ದು ಬೇರೆ ಯಾವುದೋ ನೋವಿಗೆ. "ಇಷ್ಟು ವರ್ಷ ಎರಡಿದೆ ಅಂತ ಧೈರ್ಯವಾಗಿ ಗಾಡಿ ಓಡಿಸ್ತಿದ್ದೆ ಸಾರ್," ಎಂದು ತಲೆಮೇಲೆ ಕೈ ಹೊತ್ತು ಕೂತ. "ಇದನ್ನ ಬರೀಲೇಬೇಕಿತ್ತಾ?" ಎಂದು ಕೊಯ್ಯೋ ಡಾಕ್ಟ್ರು ಗುಡುಗಿದರು. "ಬರೀದೆ ಇರಕ್ಕಾಗುತ್ತಾ?" ಎಂದು ಮಾತ್ರೆ ಡಾಕ್ಟ್ರು ಫೋನಿನಲ್ಲೇ ತಿರುಗಿಬಿದ್ದರು. ಡ್ರೈವರ್ ಮಾತ್ರ ಅಂದಿನಿಂದ ಎಡಕ್ಕೆ ವಾಲಿ ನಡೆಯತೊಡಗಿದ.

ಕೊನೆಗೆ ಆಸ್ಪತ್ರೆಯ ಯಜಮಾನರು ಸಭೆ ಕರೆದರು. ವರದಿ ಎಷ್ಟು ಉದ್ದ ಇರಬೇಕು ಎನ್ನುವುದೊಂದೇ ವಿಷಯ. ಯಜಮಾನರ ಮುಂದೆ ಮೇಜಿನ ಮೇಲೆ ಮಕ್ಕಳು ಶಾಲೆಗೆ ಒಯ್ಯುವಂಥ ಅಳತೆಪಟ್ಟಿ ಇತ್ತು. ಕೊಯ್ಯೋ ಡಾಕ್ಟ್ರು ವರದಿಯೇ ಬೇಡ, ಕೋಣೆಯ ಬಾಗಿಲ ಮೇಲೆ ಒಂದು ಕೆಂಪು, ಒಂದು ಹಸಿರು ದೀಪ ಹಾಕಿಸಿ ಎಂದರು. ಕೆಂಪು ಹತ್ತಿದರೆ ಮೇಲಕ್ಕೆ ಕಳಿಸಿ, ಹಸಿರು ಹತ್ತಿದರೆ ಮನೆಗೆ ಕಳಿಸಿ. ಮಾತ್ರೆ ಡಾಕ್ಟ್ರು ಈಗಿರುವ ವರದಿಗೆ ಒಂದು ಪರಿವಿಡಿ ಸೇರಿಸಿದರೆ ಉಪಕಾರವಾಗುತ್ತದೆ ಎಂದರು. ಯಜಮಾನರು ಅಳತೆಪಟ್ಟಿ ಎತ್ತಿ, "ಕಾಯಿಲೆ ಇದ್ದೋರಿಗೆ ಒಂದು ಹಾಳೆ, ಇಲ್ಲದೋರಿಗೆ ಅರ್ಧ ಹಾಳೆ," ಎಂದು ತೀರ್ಪು ಕೊಟ್ಟರು.

"ಸ್ವಲ್ಪ ಮಾತ್ರ ಕಾಯಿಲೆ ಇದ್ದೋರಿಗೆ?" ಎಂದು ಭಾವ ಕೇಳಿದರು.

ಸಭೆ ಅಲ್ಲಿಗೆ ಬರಖಾಸ್ತಾಯಿತು. ಭಾವ ವರದಿಯನ್ನು ಏಕೆ ಚಿಕ್ಕದು ಮಾಡಲಾಗದು ಎಂದು ಯಜಮಾನರಿಗೆ ವಿವರಣೆ ಬರೆದುಕೊಟ್ಟರು. ನಾನೇ ಅದಕ್ಕೆ ಎದ್ದು ನಿಂತು ಪಿನ್ ಹೊಡೆದೆ. ಯಜಮಾನರು ಕೊನೆಯ ಹಾಳೆ ಮಾತ್ರ ಓದಿ, ಅಲ್ಲಿ "ಇನ್ನೊಮ್ಮೆ ಚರ್ಚಿಸುವುದು ಒಳ್ಳೆಯದು" ಎಂದಿದ್ದದ್ದನ್ನು ಕಂಡು ಕೈಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಎಲ್ಲರೂ ಒಪ್ಪಿಕೊಂಡಂತಾಯಿತು.

ಹೀಗಿರುವಾಗ ಅಕ್ಕನಿಗೆ ಹೊಟ್ಟೆನೋವು ಬಂತು.

ಬಲಗಡೆ, ಸೊಂಟದ ಮೇಲೆ, ಬಗ್ಗಿದರೆ ಚುಚ್ಚಿದ ಹಾಗೆ. ಎರಡು ದಿನ ಯಾರಿಗೂ ಹೇಳಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿದುಕೊಂಡಳಂತೆ. ಭಾವ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆತಂದರು. ನಮ್ಮಮ್ಮನಿಗೂ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ತಡವಾಗಿ ಗೊತ್ತಾಗಿ ಅವಳು ಉಳಿದದ್ದೇ ಹೆಚ್ಚು. ಅಕ್ಕನ ತಲೆಯಲ್ಲಿ ಓಡುತ್ತಿದ್ದದ್ದು ಅದೇ ಎಂದು ಅವಳು ಹೇಳಬೇಕಾಗಿರಲಿಲ್ಲ. ನನಗೂ ಅದೇ ಓಡುತ್ತಿತ್ತು. ಎಲ್ಲರಿಗೂ ಕೊಡುವ ಹಾಗೆ ಅವಳಿಗೂ ಒಂದು ಟೋಕನ್ ಕೊಟ್ಟೆ. ಅವಳ ತಂಗಿ ತಮ್ಮಂದಿರಲ್ಲಿ ಬದುಕಿ ಉಳಿದವನು ನಾನೊಬ್ಬನೇ. ಅಕ್ಕ ನನಗೆ ಅಮ್ಮನಿಗಿಂತ ಹೆಚ್ಚು.

"ನೀರು ಕುಡಿ, ಬಾತ್‌ರೂಮಿಗೆ ಹೋಗ್ಬೇಡ," ಎಂದೆ.

"ಗೊತ್ತು ಕಣೋ. ಊರಿಗೆಲ್ಲ ಹೇಳೋದು ನೀನು, ದಿನಾ ಅದನ್ನ ಕೇಳೋದು ನಾನು," ಎಂದಳು. ನಗಲು ಹೋಗಿ ಬಲಗಡೆ ಹಿಡಿದುಕೊಂಡಳು.

ಅವಳನ್ನು ಮಂಚದ ಮೇಲೆ ಮಲಗಿಸಿ ನಾನು ಬಾಗಿಲ ಬಳಿಯೇ ನಿಂತೆ. ಭಾವ ಜೆಲ್ಲಿ ಹಚ್ಚಿದರು. ಬೇರೆಯವರಿಗೆ ಸ್ಕ್ಯಾನ್ ಮಾಡುವಾಗ ಅವರ ಬಾಯಿ ಗುನುಗುತ್ತಲೇ ಇರುತ್ತದೆ: ಇದು ಇಲ್ಲಿದೆ, ಅದು ಅಲ್ಲಿದೆ, ಇದು ಸ್ವಲ್ಪ ಪಕ್ಕಕ್ಕಿದೆ. ಅಂದು ಗುನುಗಲಿಲ್ಲ. ಪರದೆಯ ಬೂದುಬಣ್ಣದ ಬೆಳಕು ಮುಖದ ಮೇಲೆ ಬಿದ್ದಿತ್ತು. ನೋಡಿದರು, ಇನ್ನೊಂದು ಕೋನದಿಂದ ನೋಡಿದರು, ಅಕ್ಕನನ್ನು ಮಗ್ಗುಲಿಗೆ ತಿರುಗಿಸಿ ನೋಡಿದರು. ನೋಡಿದ್ದೇ ನೋಡಿದ್ದು.

ಅಕ್ಕ ತಟ್ಟನೆ ಅವರ ಮಣಿಕಟ್ಟು ಹಿಡಿದಳು. "ರೀ, ಇವತ್ತೊಂದು ದಿನ ಮೊದಲೇ ಒಟ್ಟಾರೆ ಹೇಳ್ಬಿಡಿ. ನನ್ನ ಕೈಲಿ ಕಾಯಕ್ಕಾಗಲ್ಲ."

ಭಾವ ಅವಳ ಮುಖ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಹೇಳಿದರು:

"ಎಲ್ಲ ಸರಿಯಿದೆ."

"ಅಷ್ಟೇನಾ?" ಎಂದಳು ಅಕ್ಕ.

"ಅಷ್ಟೇ."

ಅಕ್ಕ ಮಣಿಕಟ್ಟು ಬಿಟ್ಟಳು. ಗೋಡೆಯ ಕಡೆ ತಿರುಗಿದಳು. ಕಾಗದದ ಸುರುಳಿಯಿಂದ ಜೆಲ್ಲಿ ಒರೆಸಿಕೊಂಡು ಎದ್ದು ಹೊರಗೆ ಬಂದವಳೇ ನನ್ನ ತೋಳು ಹಿಡಿದು ಬೆಂಚಿನ ಮೂಲೆಗೆ ಎಳೆದುಕೊಂಡು ಹೋದಳು.

"ಇಷ್ಟು ವರ್ಷದಲ್ಲಿ ಇವರು ಯಾವುದನ್ನಾದ್ರೂ ಎರಡು ಮಾತಲ್ಲಿ ಮುಗಿಸಿದ್ದು ನೋಡಿದೀಯಾ?"

ನೋಡಿರಲಿಲ್ಲ. ಸುಳ್ಳು ಹೇಳೋಣವೆಂದರೂ ಒಂದು ಉದಾಹರಣೆ ನೆನಪಾಗಲಿಲ್ಲ.

"ಮನೆ ಬಾಗಿಲಲ್ಲಿ ನೀನು ನಿಂತಿದ್ದಕ್ಕೆ ಚಪ್ಪಲಿ ಎರಡೂ ಇವೆ ಅಂತ ಹೇಳಿದ ಮನುಷ್ಯ ಕಣೋ. ನನ್ನ ಹೊಟ್ಟೆ ಒಳಗಡೆ ಅಷ್ಟು ಹೊತ್ತು ನೋಡಿ ಎರಡೇ ಮಾತಾ?" ಅವಳ ದನಿ ಒಡೆಯಿತು. "ಮುಗೀತು. ನಂದು ಮುಗೀತು. ಹೇಳೋಕೆ ಬಾಯಿ ಬರಲಿಲ್ಲ ಅವರಿಗೆ."

ನಾನು ಧೈರ್ಯ ಹೇಳಬೇಕಿತ್ತು. ಅದರ ಬದಲು ಅವಳ ಲೆಕ್ಕದಲ್ಲಿ ತಪ್ಪು ಹುಡುಕುತ್ತ ಕೂತೆ. ಅಷ್ಟರಲ್ಲಿ ಭಾವ ವರದಿ ಬರೆದು ಕಳಿಸಿದರು. ಪ್ರಿಂಟರ್ ಒಂದೇ ಒಂದು ಹಾಳೆ ಉಗುಳಿ ನಿಂತುಬಿಟ್ಟಿತು. ಕಾಗದ ಸಿಕ್ಕಿಹಾಕಿಕೊಂಡಿತೇನೋ ಎಂದು ಮುಚ್ಚಳ ತೆಗೆದು ನೋಡಿದೆ. ಸಿಕ್ಕಿರಲಿಲ್ಲ. ಹಾಳೆಯಲ್ಲಿ ಅಕ್ಕನ ಹೆಸರು, ಅದರ ಕೆಳಗೆ "ಎಲ್ಲ ಸರಿಯಿದೆ". ಆ ಬಿಳಿ ಹಾಳೆಯನ್ನು ನೋಡಿ ನನಗೆ ಬಂದ ಭಯ ಶತ್ರುವಿಗೂ ಬೇಡ. ಪಿನ್ ಹೊಡೆಯಲು ಏನೂ ಇರಲಿಲ್ಲ. ಆದರೂ ಒಂದು ಹೊಡೆದೆ.

ಅಮ್ಮನಿಗೆ ಫೋನ್ ಮಾಡಿದೆ. "ಅಳಿಯಂದ್ರು ಏನಂದ್ರು?" ಎಂದು ಕೇಳಿದಳು. "ಎಲ್ಲ ಸರಿಯಿದೆ ಅಂದ್ರು," ಎಂದೆ. "ಆಮೇಲೆ?" "ಅಷ್ಟೇ." ಅತ್ತ ಕಡೆ ಫೋನು ಕೆಳಗೆ ಬಿದ್ದ ಸದ್ದಾಯಿತು. ಅವಳು ಬಂದಾಗ ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಹೊರಗಿನ ಚಪ್ಪಲಿ. ಅಕ್ಕನನ್ನು ತಬ್ಬಿಕೊಂಡು ಗೊಳೋ ಎಂದು ಅಳತೊಡಗಿದಳು. ಬೆಂಚಿನ ಮೇಲಿದ್ದ ರೋಗಿಗಳು, ವಿಷಯ ಏನೆಂದು ಕೇಳಿ, ವರದಿಯನ್ನು ಕೈಯಿಂದ ಕೈಗೆ ದಾಟಿಸಿ, ಅದರ ತೂಕ ನೋಡಿ ತಲೆಯಾಡಿಸಿದರು. "ಪಾಪ, ಒಂದೇ ಹಾಳೆ," ಎಂದು ಒಬ್ಬ ಮುದುಕಿ ತನ್ನ ದಪ್ಪನೆಯ ವರದಿಯನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

ಭಾವ ಹೊರಗೆ ಬಂದರು. ಅಮ್ಮ ಅವರ ಮುಂದೆ ಕೈಜೋಡಿಸಿ ನಿಂತಳು. "ಅಳಿಯಂದ್ರೆ, ನಿಜ ಹೇಳಿ. ನನ್ನ ಮಗಳಿಗೆ ಏನಾಗಿದೆ?"

"ಏನೂ ಆಗಿಲ್ಲ ಅತ್ತೆ."

"ಅಯ್ಯೋ!" ಎಂದು ಅಮ್ಮ ಕುಸಿದು ಕೂತಳು.

"ನಿಜವಾಗ್ಲೂ ಸರಿಯಿದೆ," ಎಂದರು ಭಾವ. ಅವರು ಒಂದೊಂದು ಸಲ ಹೇಳಿದಾಗಲೂ ಅಳು ಒಂದೊಂದು ಮೆಟ್ಟಿಲು ಏರುತ್ತಿತ್ತು. ಅಕ್ಕ ಮಾತ್ರ ಅಳುವುದನ್ನು ನಿಲ್ಲಿಸಿ, ವ್ಯವಹಾರಕ್ಕೆ ಇಳಿದಳು. "ಹೊಲಿಗೆ ಯಂತ್ರ ನಿನ್ನ ಹೆಂಡತಿಗೆ ಕೊಡು. ಆಗಾಗ ಎಣ್ಣೆ ಹಾಕೋಕೆ ಹೇಳು. ಗ್ಯಾಸ್ ಒಲೆಯ ಎಡಗಡೆ ಬರ್ನರ್ ಇವರಿಗೆ ಹಚ್ಚೋಕೆ ಬರಲ್ಲ, ಕಲಿಸಿಕೊಡು. ಊಟ ಮಾಡುವಾಗ ಯಾರಾದ್ರೂ ಒಬ್ಬರು ಎದುರಿಗೆ ಕೂತ್ಕೊಳ್ಳಿ, ಇಲ್ಲದಿದ್ರೆ ಇವರು ಯಾರಿಗೆ ಹೇಳ್ತಾರೆ?" ಎಂದಳು. ಇದನ್ನು ಕೇಳಿ ನಾನು ಅತ್ತೆ. ಗಾಜಿನ ಕಿಂಡಿಯ ಹಿಂದೆ, ಎಲ್ಲರ ಕಣ್ಣೆದುರಿಗೇ, ಟೋಕನ್ ಡಬ್ಬಿಯ ಮೇಲೆ ತಲೆಯಿಟ್ಟು ಅತ್ತೆ.

ಸುದ್ದಿ ಮಹಡಿ ಏರಿತು. ಕೊಯ್ಯೋ ಡಾಕ್ಟ್ರು ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಬಂದರು. ನಾನು ಹಾಳೆ ಕೊಟ್ಟೆ. ಅಭ್ಯಾಸಬಲದಿಂದ ಹಿಂದೆ ತಿರುಗಿಸಿದರು, ಹಿಂದೆ ಏನೂ ಇಲ್ಲ, ಮುಂದೆ ತಿರುಗಿಸಿದರು. ಜೀವನವಿಡೀ ಅವರು ಬೇಡಿಕೊಂಡ ಒಂದು ಸಾಲಿನ ವರದಿ ಕೊನೆಗೂ ಅವರ ಕೈಯಲ್ಲಿತ್ತು.

"ಇದೇನಿದು?" ಎಂದರು. "ಉಳಿದಿದ್ದೆಲ್ಲಿ?"

"ಅಷ್ಟೇ ಸಾರ್."

"ಅಷ್ಟೇ ಅಂದ್ರೆ? ಲಿವರ್ ಏನಾಯ್ತು? ಕಿಡ್ನಿ ಏನಾಯ್ತು? ಇವನು ಏನೋ ಮುಚ್ಚಿಡ್ತಿದಾನೆ. ಹೆಂಡತಿ ಅಂತ ಕೈ ಓಡ್ತಿಲ್ಲ ಪಾಪ." ಅವರ ಕಣ್ಣು ತೇವವಾಗಿದ್ದನ್ನು ನಾನು ಮೊದಲ ಸಲ ನೋಡಿದೆ. ಮಾತ್ರೆ ಡಾಕ್ಟರಿಗೆ ಫೋನ್ ಮಾಡಿದರೆ, ಗುಲ್ಮದ ಸುದ್ದಿ ಬಿಡದ ಆ ಮನುಷ್ಯ, "ವಿವರ ಏನೂ ಹೇಳ್ಬೇಡಿ, ನನ್ನ ಕೈಲಿ ಕೇಳಕ್ಕಾಗಲ್ಲ," ಎಂದು ಇಟ್ಟುಬಿಟ್ಟರು. ಕೊಯ್ಯೋ ಡಾಕ್ಟ್ರು ನಿರ್ಧಾರ ಮಾಡಿದರು. "ತಡ ಮಾಡೋದು ಬೇಡ. ತೆಗೆದು ನೋಡೇಬಿಡೋಣ. ಥಿಯೇಟರ್ ರೆಡಿ ಮಾಡಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಆದರೆ ಆ ಹೊತ್ತಿನಲ್ಲಿ ನಮಗೆ ಅದೇ ನ್ಯಾಯವಾಗಿ ಕಂಡಿತು. ಅಕ್ಕ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದಳು. ಓದಲಿಲ್ಲ, "ಒಟ್ಟಾರೆ ಏನು ಇದರಲ್ಲಿ?" ಎಂದು ನರ್ಸನ್ನು ಕೇಳಿ ಹಾಕಿದಳು. ಗಾಲಿಮಂಚ ಬಂತು. ಅವಳನ್ನು ಮಲಗಿಸಿ ಲಿಫ್ಟಿನ ಕಡೆ ತಳ್ಳಿದರು.

ಭಾವ ಗಾಲಿಮಂಚದ ಪಕ್ಕ ಓಡುತ್ತ ಬಂದರು. "ಎಲ್ಲಿಗೆ? ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ? ಅವಳಿಗೆ ಏನೂ ಇಲ್ಲ ಅಂದ್ನಲ್ಲ!"

"ಏನೂ ಇಲ್ಲದಿದ್ರೆ ಇಷ್ಟು ಕಡಿಮೆ ಯಾಕ್ರೀ ಹೇಳಿದ್ರಿ?" ಎಂದಳು ಅಕ್ಕ, ಮಲಗಿದ ಕಡೆಯಿಂದಲೇ.

ಭಾವ ನಿಂತುಬಿಟ್ಟರು. ಗಾಲಿಮಂಚವೂ ನಿಂತಿತು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

"ನೀವೆಲ್ಲ ಇಷ್ಟು ವರ್ಷ ಕೇಳಿದ್ದು ಇದನ್ನೇ ಅಲ್ವಾ?" ಎಂದರು. "ಇವಳೂ ಕೇಳಿದ್ದು ಇದನ್ನೇ. ಭಯವಾಗಿದೆ, ಮೊದಲೇ ಹೇಳಿ ಅಂದಳು. ಒಳ್ಳೆ ಸುದ್ದಿ ತಾನೇ, ಕಾಯಿಸೋದು ಯಾಕೆ ಅಂತ ಹೇಳಿದೆ. ಒಂದ್ಸಲ ನೀವು ಹೇಳಿದ ಹಾಗೆ ಕೇಳಿದ್ದಕ್ಕೆ ನನ್ನ ಹೆಂಡತೀನ ಕೊಯ್ಯಕ್ಕೆ ಹೊರಟಿದೀರಲ್ಲ!"

ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೂ ಯಾರ ಮುಖವೂ ಸಡಿಲವಾಗಲಿಲ್ಲ. ಕೊಯ್ಯೋ ಡಾಕ್ಟ್ರು ಅವರ ಹೆಗಲ ಮೇಲೆ ಕೈಯಿಟ್ಟು, "ಸಮಾಧಾನ ಮಾಡ್ಕೋ," ಎಂದರು. ಭಾವ ಆ ಕೈಯನ್ನು ಕೊಡವಿ, ತಿರುಗಿ, ತಮ್ಮ ಕತ್ತಲೆ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡರು.

ಕೀಲಿಮಣೆಯ ಟಕಟಕ ಸದ್ದು ಹೊರಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಪ್ರಿಂಟರ್ ಗುಟುರು ಹಾಕಿ ಒಂದು ಹಾಳೆ ಕೊಟ್ಟಿತು. ಇನ್ನೊಂದು ಕೊಟ್ಟಿತು. ಮತ್ತೊಂದು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಕಿಂಡಿಯ ಮುಂದೆ ನೆರೆದರು. ಹಾಳೆಗಳು ಬರುತ್ತಲೇ ಇದ್ದವು. ತಟ್ಟೆ ತುಂಬಿ ನೆಲಕ್ಕೆ ಜಾರಿದವು. "ಬರ್ತಾ ಇದೆ, ಬರ್ತಾ ಇದೆ!" ಎಂದು ನಾನು ಲಿಫ್ಟಿನ ಕಡೆ ಕೂಗಿದೆ. ಅಮ್ಮ ಕಣ್ಣೊರೆಸಿಕೊಂಡು, "ಎಷ್ಟು ದಪ್ಪ ಆಯ್ತೋ?" ಎಂದು ಕೇಳಿದಳು. "ದೊಡ್ಡ ಸ್ಟೇಪ್ಲರ್ ಬೇಕಮ್ಮ!" ಎಂದೆ. ಆ ಮಾತು ಹೇಳುವಾಗ ನನಗಾದ ಸಂತೋಷ ನನ್ನ ಮದುವೆಯ ದಿನ ಆಗಿರಲಿಲ್ಲ.

ಪಿನ್ ಹೊಡೆಯುವಷ್ಟು ತಾಳ್ಮೆ ಭಾವನಿಗೆ ಇರಲಿಲ್ಲ. ಹಾಳೆಗಳನ್ನು ಎದೆಗೆ ಅವಚಿಕೊಂಡು ಲಿಫ್ಟಿನ ಬಳಿ ಬಂದು, ಗಾಲಿಮಂಚದ ಪಕ್ಕ ನಿಂತು, ಓದತೊಡಗಿದರು.

"ಲಿವರ್. ಅಂಚು ನುಣುಪಾಗಿದೆ. ಗಾತ್ರ ಎಷ್ಟಿರಬೇಕೋ ಅಷ್ಟಿದೆ. ಒಳಗೆ ಗಡ್ಡೆ ಇಲ್ಲ, ನೀರಿನ ಗುಳ್ಳೆ ಇಲ್ಲ, ಮಚ್ಚೆ ಇಲ್ಲ. ಉಸಿರು ಎಳೆದುಕೊಂಡಾಗ ಮೆಲ್ಲಗೆ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ನೋಡಿದಷ್ಟು ಹೊತ್ತೂ ಹಾಗೇ ಮಾಡುತ್ತಿತ್ತು."

ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಅವಳ ಹೊಟ್ಟೆ ಮೆಲ್ಲಗೆ ಏರಿ ಇಳಿಯಿತು.

"ಪಿತ್ತಕೋಶ. ಕಲ್ಲಿಲ್ಲ. ಗೋಡೆ ತೆಳ್ಳಗಿದೆ. ಗುಲ್ಮ. ತನ್ನ ಜಾಗದಲ್ಲಿದೆ. ಬಲ ಕಿಡ್ನಿ ಇದೆ. ಎಡ ಕಿಡ್ನಿಯೂ ಇದೆ. ಎಡದ್ದು ಬಲದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ಹುಟ್ಟಿದಾಗಿನಿಂದ ಹಾಗೇ ಇದ್ದಿರಬೇಕು, ಯಾರಿಗೂ ತೊಂದರೆ ಕೊಟ್ಟಿಲ್ಲ."

ಮೇಲಿನಿಂದ ಮಾತ್ರೆ ಡಾಕ್ಟ್ರೂ ಇಳಿದು ಬಂದು ಕಂಬದ ಮರೆಯಲ್ಲಿ ನಿಂತಿದ್ದರು. ಗುಲ್ಮದ ಹೆಸರು ಬಂದಾಗ ಅವರು ನಿಟ್ಟುಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಭಾವ ಹಾಳೆ ತಿರುಗಿಸಿದರು. ಅಮ್ಮನಿಗೆ ಗಡ್ಡೆ ಆಗಿದ್ದ ಜಾಗಕ್ಕೆ ಬಂದಾಗ ದನಿ ತಗ್ಗಿಸಿ, ಅಲ್ಲಿ ಏನೇನು ಇಲ್ಲ ಎಂದು ಒಂದೊಂದಾಗಿ ಓದಿದರು. ಒಂದೊಂದು "ಇಲ್ಲ"ಕ್ಕೂ ಅಮ್ಮ ತಲೆಯಾಡಿಸಿದಳು. ಅಕ್ಕನ ಮುಖಕ್ಕೆ ಬಣ್ಣ ತಿರುಗಿ ಬಂತು.

"ಮೂತ್ರಕೋಶ. ತುಂಬಿದೆ. ಬಹಳ ತುಂಬಿದೆ."

"ಬೆಳಿಗ್ಗೆಯಿಂದ ಯಾರಾದ್ರೂ ಹೋಗು ಅಂದ್ರಾ?" ಎಂದಳು ಅಕ್ಕ ಕಣ್ಣು ಮುಚ್ಚಿಕೊಂಡೇ. "ಪರವಾಗಿಲ್ಲ, ಓದಿ."

"ಬಲಗಡೆ ಚರ್ಮದ ಕೆಳಗೆ ಸ್ನಾಯು ಸ್ವಲ್ಪ ಊದಿದೆ. ಇದು ಹೊಟ್ಟೆಯ ಒಳಗಿನದಲ್ಲ, ಹೊರಗಿನ ಗೋಡೆಯದು. ಭಾರದ ವಸ್ತು ತಳ್ಳಿದವರಲ್ಲಿ ಹೀಗೆ ಕಾಣುವುದುಂಟು." ಭಾವ ಹಾಳೆ ಕೆಳಗಿಳಿಸಿದರು. "ಬೀರು ತಳ್ಳಿದ್ಯಾ?"

ಎಲ್ಲರೂ ಅಕ್ಕನನ್ನು ನೋಡಿದರು.

"ಮತ್ತಿನ್ನೇನು ಮಾಡ್ಲಿ?" ಎಂದಳು. "ಸ್ವಲ್ಪ ಸರಿಸಿಕೊಡಿ ಅಂತ ನಿಮ್ಮನ್ನ ಕೇಳಿದೆ. ನೀವು ಗೋಡೆ ನೋಡಕ್ಕೆ ಶುರು ಮಾಡಿದ್ರಿ. ಸುಣ್ಣ ಎಲ್ಲಿ ಎದ್ದಿದೆ, ಬೀರುವಿನ ಯಾವ ಕಾಲು ಗಿಡ್ಡ ಅಂತ. ನೀವು ಒಟ್ಟಾರೆಗೆ ಬರೋಷ್ಟರಲ್ಲಿ ನಾನೇ ತಳ್ಳಿಬಿಟ್ಟೆ."

"ನೋವು ಅಲ್ಲಿಂದಾನಾ?" ಎಂದು ಅಮ್ಮ ಅವಳ ತೊಡೆಗೆ ಒಂದು ಚಿವುಟಿದಳು. ಆಮೇಲೆ ಮತ್ತೆ ಅತ್ತಳು, ಈ ಸಲ ಬೇರೆ ಥರ. ಬೆಂಚಿನವರು ಚಪ್ಪಾಳೆ ತಟ್ಟಿದರು. ಕೊಯ್ಯೋ ಡಾಕ್ಟ್ರು ಹಾಕಿಕೊಂಡಿದ್ದ ಗ್ಲೌಸು ಕಿತ್ತು ಜೇಬಿಗೆ ತುರುಕಿದರು. ಗುಡ್ಡ ಅಗೆದು ಇಲಿ ಹಿಡಿದ ಮುಖ.

"ಇನ್ನೂ ಎಷ್ಟಿದೆಯಯ್ಯ?" ಎಂದರು. ಹಳೆಯ ಚಾಳಿ ಆಗಲೇ ಮರಳಿತ್ತು. "ಸಾಕು, ಒಟ್ಟಾರೆ ಹೇಳಿ ಮುಗಿಸು."

"ನೀವು ಸುಮ್ನಿರಿ ಡಾಕ್ಟ್ರೇ," ಎಂದು ಅಕ್ಕ ಮಲಗಿದಲ್ಲಿಂದಲೇ ಗದರಿದಳು. "ಓದ್ಲಿ ಬಿಡಿ."

ಭಾವ ಓದಿದರು. ಕರುಳು, ಕರುಳಿನ ಪಕ್ಕ, ಪಕ್ಕದ ಮನೆಯವರು, ಯಾರನ್ನೂ ಬಿಡಲಿಲ್ಲ. ಲಿಫ್ಟು ಬಂದು ಬಾಗಿಲು ತೆರೆದು, ಕಾದು, ಮುಚ್ಚಿಕೊಂಡು ಹೋಯಿತು. ಕೊನೆಗೆ ಕೈಯಲ್ಲಿ ಒಂದೇ ಹಾಳೆ ಉಳಿಯಿತು. ಭಾವ ಗಂಟಲು ಸರಿಮಾಡಿಕೊಂಡು, "ಒಟ್ಟಾರೆ ಅಭಿಪ್ರಾಯ," ಎಂದರು. ಅಕ್ಕ ಕಣ್ಣು ತೆರೆದು ಕೈಚಾಚಿ ಆ ಹಾಳೆಯನ್ನು ಕಿತ್ತುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು.

"ಒಟ್ಟಾರೆ ಬೇಡ," ಎಂದಳು. "ನಾನು ಬಾತ್‌ರೂಮಿಗೆ ಹೋಗಿಬರ್ತೀನಿ. ಬಂದ ಮೇಲೆ ಮೊದಲಿಂದ ಓದಿ."

ಭಾವ ನೆಲಕ್ಕೆ ಬಿದ್ದಿದ್ದ ಹಾಳೆಗಳನ್ನು ಒಂದೊಂದಾಗಿ ಆರಿಸಿ, ಕ್ರಮವಾಗಿ ಜೋಡಿಸಿಕೊಳ್ಳತೊಡಗಿದರು. ನಾನು ದೊಡ್ಡ ಸ್ಟೇಪ್ಲರ್ ತರಲು ಹೋದೆ.